ಚಿಕ್ಕಮ್ಮನ ಮೊದಲನೆಯ ಪ್ರಶ್ನೆ

ಸಮುದ್ರಕ್ಕೆ ಹೊರಟ ದೋಣಿಗಳನ್ನು ಹಿಂದಕ್ಕೆ ತಿರುಗಿಸಲು ಏನು ಬೇಕು? ಚಂಡಮಾರುತ ಬೇಕು, ಇಲ್ಲವೇ ಸರಕಾರದ ಆಜ್ಞೆ ಬೇಕು ಎಂದು ನೀವು ಹೇಳಬಹುದು. ಎರಡೂ ಬೇಡ! ನನ್ನ ಚಿಕ್ಕಮ್ಮ ಒಬ್ಬಳಿದ್ದರೆ ಸಾಕು. ಎರ್ಮಾಳಿನ ಕಡಲ ದಡದಲ್ಲಿ ಒಂದು ಬೆಳಗ್ಗೆ, ಆಕಾಶ ತಿಳಿಯಾಗಿದ್ದಾಗ, ಗಾಳಿ ಹದವಾಗಿದ್ದಾಗ, ಬರೀ ಒಂದು ಪ್ರಶ್ನೆ ಕೇಳಿ ಅವಳು ಸಾಲು ದೋಣಿಗಳನ್ನು ಮರಳಿನ ಮೇಲೆಯೇ ಕೂರಿಸಿದಳು. ಅದೇನು ಬೀದಿ ಜಗಳದ ಪ್ರಶ್ನೆಯಲ್ಲ. ಮೇಷ್ಟ್ರು ಸಹಿ ಹಾಕಿದ, ವಿಶ್ವವಿದ್ಯಾನಿಲಯದ ನಿಯಮಕ್ಕೆ ಸರಿಯಾಗಿ ಬೆರಳಚ್ಚು ಮಾಡಿಸಿದ, ಶುದ್ಧ ಕನ್ನಡದ ಪ್ರಶ್ನೆ. ಆ ಕಥೆಗೆ ಬರುವ ಮೊದಲು ಈ ಹೆಂಗಸಿನ ಕೈಗೆ ಅಂಥ ಆಯುಧ ಬಂದದ್ದು ಹೇಗೆಂದು ಹೇಳಬೇಕು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಶಾಲೆಗೆ ಮೊದಲಿಗಳಾದಳು. ಬಹುಮಾನವಾಗಿ ಮದುವೆ ಮಾಡಿಸಿದರು! ಎರ್ಮಾಳಿನ ಮೀನುಗಾರರ ಮನೆಗೆ ಸೊಸೆಯಾಗಿ ಹೋದವಳು ಮೀನು ಒಣಗಿಸಿದಳು, ಬಲೆಗೆ ದಾರ ಸುತ್ತಿದಳು, ಮಕ್ಕಳನ್ನು ಹೆತ್ತಳು, ಅವರನ್ನು ಓದಿಸಿದಳು. ಕೊನೆಯ ಮಗ ಕಾಲೇಜು ಮುಗಿಸಿದ ವರ್ಷ, ಇನ್ನು ನನ್ನ ಸರದಿ ಎಂದು ಅಂಚೆಯ ಮೂಲಕ ಓದಲು ಶುರುಮಾಡಿ ಬಿ.ಎ. ಮುಗಿಸಿದಳು. ಚಿಕ್ಕಪ್ಪ ಮಲ್ಪೆಯ ಬೋಟಿನಲ್ಲಿ ವಾರಗಟ್ಟಲೆ ಕಡಲಲ್ಲೇ ಇರುವವರು. ಒಮ್ಮೆ ದಡಕ್ಕೆ ಬಂದಾಗ ಹೆಂಡತಿ ಎಂ.ಎ.ಗೆ ಅರ್ಜಿ ಹಾಕಿದ್ದಾಳೆ ಎಂದು ಗೊತ್ತಾಯಿತು. ಅವರು ಆಗಲಿ ಎಂದು ಹೇಳಿ ಮತ್ತೆ ಕಡಲಿಗೆ ಹೋದರು.

ಅದು ಎರಡು ಸಾವಿರದ ಇಸವಿ ದಾಟಿದ ಹೊಸತು. ಉಡುಪಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ನಾನೂ ಸೇರಿದ್ದೆ. ಮೊದಲ ದಿನ ನಾವಿಬ್ಬರೂ ಒಟ್ಟಿಗೆ ತರಗತಿಗೆ ಕಾಲಿಟ್ಟಾಗ ಅಧ್ಯಾಪಕರು ಚಿಕ್ಕಮ್ಮನನ್ನು ಕಂಡು ಎದ್ದು ನಿಂತು, ಕೈ ಮುಗಿದು, ಹೆತ್ತವರ ಸಭೆ ಮುಂದಿನ ತಿಂಗಳು ಎಂದರು. ಚಿಕ್ಕಮ್ಮನೂ ಕೈ ಮುಗಿದು, ಮೊದಲ ಬೆಂಚಿನಲ್ಲಿ ಕುಳಿತು, ಚೀಲದಿಂದ ಪೆನ್ನು ತೆಗೆದಳು. ಅಧ್ಯಾಪಕರು ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ.

ಮೊದಲ ತಿಂಗಳಲ್ಲೇ ನಮಗೆ ಅಧ್ಯಯನ ಕೌಶಲಗಳ ಕಾರ್ಯಾಗಾರ ನಡೆಯಿತು. ಬಂದ ಸಂಪನ್ಮೂಲ ವ್ಯಕ್ತಿ ಹೇಳಿದ್ದು ಇಷ್ಟು: ಪುಸ್ತಕವನ್ನೆಲ್ಲ ಓದುತ್ತ ಕೂರಬೇಡಿ, ಮೇಲೆ ಮೇಲೆ ಕಣ್ಣಾಡಿಸಿ, ಬೇಕಾದ್ದನ್ನು ಹೆಕ್ಕಿಕೊಳ್ಳಿ. ನಾವೆಲ್ಲ ಪರಮಾನಂದದಿಂದ ಬರೆದುಕೊಂಡೆವು. ಓದಬೇಡಿ ಎನ್ನುವ ಗುರು ಯಾವ ಜನ್ಮದ ಪುಣ್ಯಕ್ಕೆ ಸಿಗುತ್ತಾರೆ ಹೇಳಿ! ಚಿಕ್ಕಮ್ಮ ಮಾತ್ರ ಕೈ ಎತ್ತಿದಳು.

"ಸರ್, ಮೀನಿನ ಬುಟ್ಟಿಯಲ್ಲಿ ಮೇಲೆ ಯಾವಾಗಲೂ ಒಳ್ಳೆಯದನ್ನೇ ಇಡುವುದು. ಅಡಿಯಲ್ಲಿ ಎಂತ ಉಂಟು ಅಂತ ಕೈ ಹಾಕಿ ನೋಡ್ಬೇಕಲ್ವಾ?"

ಅಂದಿನಿಂದ ಅವಳು ಯಾವ ಪುಸ್ತಕವನ್ನಾದರೂ ಕೊನೆಯ ಅಧ್ಯಾಯದಿಂದ ಶುರುಮಾಡಿ ಹಿಂದಕ್ಕೆ ಓದತೊಡಗಿದಳು. ಪಠ್ಯಪುಸ್ತಕಕ್ಕೆ ಇದು ನಡೆಯುತ್ತಿತ್ತು. ಆದರೆ ಅಭ್ಯಾಸ ಅಲ್ಲಿಗೇ ನಿಲ್ಲಬೇಕಲ್ಲ? ಗೆಳತಿಯೊಬ್ಬಳು ಆಸೆಯಿಂದ ಓದುತ್ತಿದ್ದ ಪತ್ತೇದಾರಿ ಕಾದಂಬರಿಯನ್ನು ಬಿಡುವಿನ ವೇಳೆಯಲ್ಲಿ ಎತ್ತಿಕೊಂಡು, ಕೊನೆಯ ಪುಟ ನೋಡಿ, ಕೊಂದದ್ದು ಅಡುಗೆಯವನು, ತೀರ್ಮಾನಕ್ಕೆ ಆಧಾರವೂ ಸರಿಯಾಗಿದೆ ಎಂದು ಇಡೀ ಬೆಂಚಿಗೆ ಕೇಳುವಂತೆ ಹೇಳಿ ವಾಪಸು ಕೊಟ್ಟಳು. ಆ ಗೆಳತಿ ಒಂದು ವಾರ ನಮ್ಮ ಹತ್ತಿರ ಮಾತಾಡಲಿಲ್ಲ. ಮನೆಗೆ ಮದುವೆ ಕಾಗದ ಬಂದರೆ ಚಿಕ್ಕಮ್ಮ ಮೊದಲು ಓದಿ ಹೇಳುತ್ತಿದ್ದದ್ದು ಅದು ಯಾವ ಪ್ರೆಸ್ಸಿನಲ್ಲಿ ಅಚ್ಚಾಯಿತು ಎಂಬುದನ್ನು. ಮದುಮಗಳು ಯಾರೆಂದು ತಿಳಿಯಲು ನಾವು ಸ್ವಲ್ಪ ಹೊತ್ತು ಕಾಯಬೇಕಿತ್ತು.

ಎರಡನೆಯ ಸೆಮಿಸ್ಟರಿನಲ್ಲಿ ಅವಳಿಗೆ ಆಕರಗಳ ಹುಚ್ಚು ಹಿಡಿಯಿತು. ಯಾವ ಮಾತಿಗೂ ಮೂಲ ತೋರಿಸಬೇಕು, ಕಣ್ಣಾರೆ ಕಂಡದ್ದು ಪ್ರಾಥಮಿಕ ಆಕರ, ಇನ್ನೊಬ್ಬರ ಬಾಯಿಂದ ಬಂದದ್ದು ದ್ವಿತೀಯಕ ಆಕರ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ನಮಗೆ ಅದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಅವಳಿಗೆ ಅದು ಬದುಕಿನ ದಾರಿ! ಅವಳ ಅತ್ತೆ, ಹಲ್ಲಿಲ್ಲದಿದ್ದರೂ ಬಾಯಿ ಜೋರಿನ ಅಜ್ಜಿ, ನಾಳೆ ಮಳೆ ಬರುತ್ತದೆ, ಮೀನು ಒಳಗಿಡು ಎಂದರು. ಸೊಸೆ ಆಧಾರ ಕೇಳಿದಳು. ಅಜ್ಜಿ ಸೀರೆ ತುಸು ಎತ್ತಿ, "ನನ್ನ ಮೊಣಕಾಲು" ಎಂದರು. ಯಾವ ಮೊಣಕಾಲು ಎಂದು ಚಿಕ್ಕಮ್ಮ ಮತ್ತೆ ಕೇಳಿದಳು. ಎಡಗಡೆಯದ್ದು ಎಂದು ಖಚಿತಪಡಿಸಿಕೊಂಡ ಮೇಲೆಯೇ ಮೀನು ಒಳಗೆ ಹೋಯಿತು.

ಎರ್ಮಾಳಿನಲ್ಲಿ ಚಾಡಿ ಹೇಳುವುದೇ ಕಷ್ಟವಾಯಿತು. ಸಂಜೆ ಹೊತ್ತು ಆ ಮನೆಯ ಜಗಲಿಯಲ್ಲಿ ಕೂತು ಯಾರಾದರೂ, ಅವಳ ಸೊಸೆ ತವರಿಗೆ ಹೋದವಳು ಬರಲೇ ಇಲ್ಲವಂತೆ ಎಂದು ಶುರುಮಾಡಿದರೆ, 'ಅಂತೆ' ಎಂದರೆ ಯಾರ ಅಂತೆ, ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ವಿಚಾರಣೆ. ಸುದ್ದಿ ಮೂರು ಬಾಯಿ ದಾಟಿ ಬಂದಿದ್ದರೆ ಕೇಳುವುದಕ್ಕೇ ಒಪ್ಪುತ್ತಿರಲಿಲ್ಲ. ಜನ ಬರುವುದು ಬಿಟ್ಟರೇ? ಬಿಡುವುದುಂಟೇ! ಸುದ್ದಿ ಹೇಳದೆ ಇರಲು ಯಾರಿಂದ ಸಾಧ್ಯ? ಕಡೆಗೆ ಪಕ್ಕದ ಮನೆಯ ಹೆಂಗಸು ಗೇಟಿನ ಹೊರಗೇ ನಿಂತು, "ಅಕ್ಕ, ಇದು ದ್ವಿತೀಯಕ. ಹೇಳ್ಬಹುದಾ?" ಎಂದು ಅನುಮತಿ ಕೇಳತೊಡಗಿದಳು.

ಪುಸ್ತಕ ಹುಡುಕಿಕೊಂಡು ನಾವು ಮಣಿಪಾಲದ ಒಂದು ಲೈಬ್ರರಿಗೆ ಹೋಗುತ್ತಿದ್ದೆವು. ದೋಣಿಯಿಂದ ದೋಣಿಗೆ ಕೂಗಿ ಮಾತಾಡುವ ಮನೆತನದಲ್ಲಿ ಬಾಳಿದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು? ಅವಳು ಪಿಸುಗುಟ್ಟಿದರೆ ಓದುತ್ತ ನಿದ್ದೆ ಹೋದ ಮೆಡಿಕಲ್ ಹುಡುಗರು ಎದ್ದು ಕೂರುತ್ತಿದ್ದರು. ಅಲ್ಲಿನ ವಾಚ್‌ಮನ್ ಬಾಗಲಕೋಟೆ ಕಡೆಯವನು, ಬಹಳ ಮರ್ಯಾದಸ್ಥ. ಒಂದು ದಿನ ಹತ್ತಿರ ಬಂದು ತಲೆ ತಗ್ಗಿಸಿ ಹೇಳಿದ.

"ಅಕ್ಕಾರ, ನೀವು ಸಣ್ಣಗ ಮಾತಾಡಿದ್ದು ಮ್ಯಾಲಿನ ಮಾಳಿಗಿಗೂ ಕೇಳಸ್ತೈತ್ರಿ. ಅದರಕಿಂತ ನೀವು ದೊಡ್ಡದಾಗೇ ಮಾತಾಡ್ರಿ, ಏನಂತ ತಿಳೀತೈತಿ."

ಚಿಕ್ಕಮ್ಮ ಅವನಿಗೆ ಧನ್ಯವಾದ ಹೇಳಿ, ಅದೇ ಧ್ವನಿಯಲ್ಲಿ ಅವನ ಊರು, ಮನೆ, ಇಷ್ಟು ದೂರ ಬಂದ ಕಾರಣ ಎಲ್ಲವನ್ನೂ ವಿಚಾರಿಸಿದಳು. ಪ್ರಶ್ನೆ ಕೇಳುವುದರಲ್ಲಿ ಇಷ್ಟು ಸುಖ ಉಂಟೆಂದು ಅವಳಿಗೆ ಗೊತ್ತಾದದ್ದು ಆ ದಿನವೇ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು, ತನ್ನ ಪ್ರಬಂಧ ಎರ್ಮಾಳಿನ ಮೀನುಗಾರರ ಮನೆಗಳ ಮೇಲೆ, ಅಲ್ಲಿ ಯಾವುದನ್ನು ಯಾರು ಹೇಗೆ ತೀರ್ಮಾನ ಮಾಡುತ್ತಾರೆ ಎಂಬುದರ ಮೇಲೆ.

ನಮ್ಮ ಎಂ.ಎ.ಗೆ ಒಂದು ಸಣ್ಣ ಪ್ರಬಂಧ ಕಡ್ಡಾಯ. ಅದಿಲ್ಲದೆ ಡಿಗ್ರಿ ಇಲ್ಲ. ನಾವೆಲ್ಲ ಹಳೆಯ ಪ್ರಬಂಧಗಳನ್ನು ತಿರುವಿಹಾಕಿ ಸುಲಭದ ವಿಷಯ ಹುಡುಕುತ್ತಿದ್ದಾಗ ಚಿಕ್ಕಮ್ಮ ತನ್ನ ಪ್ರಶ್ನಾವಳಿಯನ್ನೇ ತಯಾರಿಸಿ ಮುಗಿಸಿದ್ದಳು. ನಮ್ಮ ಮಾರ್ಗದರ್ಶಕರು ಕಾರ್ಕಳದವರು. ಬಂಡೆಗಳ ಊರಿನಲ್ಲಿ ಬೆಳೆದು, ವರ್ಷಕ್ಕೊಮ್ಮೆ ಮಕ್ಕಳ ಜೊತೆ ಕಾಪುವಿಗೆ ಬಂದು, ದೀಪಸ್ತಂಭ ನೋಡಿ, ಕಡಲೆ ತಿಂದು ಹೋಗುವಷ್ಟು ಕಡಲಿನ ಪರಿಚಯ ಇದ್ದವರು. ಪ್ರಶ್ನಾವಳಿಯ ಮೊದಲ ಪ್ರಶ್ನೆ ಬಹಳ ಸರಳವಾಗಿರಬೇಕು, ಉತ್ತರಿಸುವವರ ಸಂಕೋಚ ಬಿಡಿಸಬೇಕು ಎಂದು ಅವರು ತಾವೇ ಒಂದು ಪ್ರಶ್ನೆ ಬರೆದುಕೊಟ್ಟರು: 'ತಾವು ಈಗ ಎಲ್ಲಿಗೆ ಹೊರಟಿದ್ದೀರಿ?' ಜೊತೆಗೆ ಒಂದು ಎಚ್ಚರಿಕೆ. ಸಂಶೋಧಕರು ಸ್ವಂತ ಊರಿನಲ್ಲೂ ಹೊರಗಿನವರಂತೆ ಇರಬೇಕು, ಪ್ರಶ್ನೆಯ ಒಂದು ಅಕ್ಷರವನ್ನೂ ಬದಲಿಸಬಾರದು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳುವ ಕ್ರಮವಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಕುತೂಹಲ ತೀರಾ ತಡೆಯಲಾಗದಿದ್ದರೆ 'ದೂರ ಹೊರಟದ್ದಾ?' ಎಂದು ಬಳಸಿ ಕೇಳಬಹುದು. ಕಡಲಿಗೆ ಇಳಿಯುವವರನ್ನು ಅದನ್ನೂ ಕೇಳುವುದಿಲ್ಲ. ದೋಣಿ ಹೊರಡುವ ಹೊತ್ತಿಗೆ ದಾರಿಯಲ್ಲಿ ಎದುರಾದವರು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ದೋಣಿ ಮರಳಿದ ಮೇಲೆಯೇ 'ಎಂತ ಸಿಕ್ಕಿತು?' ಎಂದು ಕೇಳುವುದು. ಇದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲವೇ? ಅಂಬೆಗಾಲಿಡುವಾಗಲೇ ಗೊತ್ತಿತ್ತು!

ಬೆಳಕು ಹರಿಯುವ ಹೊತ್ತಿಗೆ ಅವಳು ದಡಕ್ಕೆ ಬಂದಳು. ಮದುವೆ ಮನೆಗೆ ಉಡುವ ಸೀರೆ, ಕೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟು, ಹಿಂದೆ ಪೆನ್ನುಗಳನ್ನು ಹಿಡಿದ ನಾನು. ಮೊದಲ ದೋಣಿ ಅಜ್ಜಿಯ ದೊಡ್ಡ ಮಗ, ಅವಳ ಗಂಡನ ಅಣ್ಣನದ್ದು. ಅವರು ಆ ದೋಣಿಯ ತಂಡೇಲರು, ಅಂದರೆ ಮುಖ್ಯಸ್ಥರು. ದಪ್ಪ ಮೀಸೆ, ಕಡಿಮೆ ಮಾತು, ಊರೆಲ್ಲ ಹೆದರುವ ಮನುಷ್ಯ. ಆಳುಗಳು ಭುಜ ಕೊಟ್ಟು ದೋಣಿಯನ್ನು ನೀರಿಗೆ ದೂಡುತ್ತಿದ್ದರು. ಚಿಕ್ಕಮ್ಮ ನೇರ ಅವರ ಎದುರು ಹೋಗಿ ನಿಂತಳು. ನಿತ್ಯ ಬಡಿಸುವ ಭಾವನಿಗೆ ಹೊರಗಿನವಳಂತೆ ನಮಸ್ಕರಿಸಿದಳು.

"ಮಾನ್ಯರೇ, ತಾವು ಈಗ ಎಲ್ಲಿಗೆ ಹೊರಟಿದ್ದೀರಿ?"

ಅಲೆ ಕೂಡ ಒಂದು ಗಳಿಗೆ ನಿಂತಿತೆಂದು ನನಗೆ ಅನಿಸಿತು. ಆಳುಗಳು ಭುಜ ತೆಗೆದರು. ತಂಡೇಲರು ಮೆಲ್ಲನೆ ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿದರು, ಮುಖ ಒರೆಸಿಕೊಂಡರು, ಚಪ್ಪಲಿ ಹುಡುಕಿ ಮೆಟ್ಟಿದರು.

"ಮನೆಗೆ" ಎಂದರು.

ಚಿಕ್ಕಮ್ಮ ಅದನ್ನು ಬರೆದುಕೊಂಡಳು! ಬರೆದುಕೊಂಡು ಎರಡನೆಯ ದೋಣಿಗೆ ಹೋದಳು. ಅವರೂ ಮನೆಗೆ. ಮೂರನೆಯ ದೋಣಿಯವರು ಅವಳು ಬರುವುದನ್ನು ದೂರದಿಂದ ಕಂಡು ಓಡಿಸಿಕೊಂಡು ಹೋಗಲು ನೋಡಿದರು. ಆದರೆ ಅವಳ ಧ್ವನಿಯ ವಿಷಯ ಆಗಲೇ ಹೇಳಿದ್ದೇನಲ್ಲ? ನೀರಿನಲ್ಲಿ ಸೊಂಟದವರೆಗೆ ಇಳಿದವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ಆ ದಿನ ಎರ್ಮಾಳಿನಲ್ಲಿ ಒಂದು ಬಂಗುಡೆಯೂ ಬರಲಿಲ್ಲ. ಮಾರ್ಗದರ್ಶಕರು ಪ್ರಶ್ನಾವಳಿಗಳನ್ನು ತಿರುವಿ ಹಾಕಿ, ಮೀನುಗಾರರಲ್ಲಿ ಕುಟುಂಬಪ್ರೇಮ ಇಷ್ಟು ಗಾಢವಾಗಿದೆಯೆಂದು ತಾವು ತಿಳಿದಿರಲಿಲ್ಲ ಎಂದರು. ಬೆಳಗ್ಗೆ ಆರು ಗಂಟೆಗೆ ಎಲ್ಲರೂ ಹೊರಟದ್ದು ಮನೆಗೇ!

ಗೊತ್ತಿದ್ದೂ ಯಾಕೆ ಕೇಳಿದೆ ಎಂದು ನಾನು ಕೇಳಿದೆ. ಪ್ರಶ್ನೆ ಬದಲಿಸಬಾರದು ಎಂದು ಸರ್ ಹೇಳಿದ್ದಾರಲ್ಲ ಎಂದಳು. ಕೇಳಿದ್ದು ಸಂಶೋಧಕಿ, ತಾನಲ್ಲ ಎಂದೂ ಸೇರಿಸಿದಳು. ಆದರೆ ಊರಿನವರಿಗೆ ಆ ವ್ಯತ್ಯಾಸ ಕಾಣಲಿಲ್ಲ.

ಮರುದಿನದಿಂದ ಅವಳಿಗೆ ಯಾರೂ ಬಾಗಿಲು ತೆರೆಯಲಿಲ್ಲ. ರಟ್ಟು ಕಂಡರೆ ಸಾಕು, ಹೆಂಗಸರು ಅಡುಗೆಮನೆಗೆ, ಗಂಡಸರು ಹಿತ್ತಿಲಿಗೆ. ಅಜ್ಜಿಯಂತೂ ಮಾತು ಬಿಟ್ಟರು. ಬಾಯಿ ಜೋರಿನ ಅಜ್ಜಿ ಮಾತು ಬಿಟ್ಟರೆ ಮನೆ ಹೇಗಿರುತ್ತದೆ ಎಂಬುದು ಚಿಕ್ಕಮ್ಮನಿಗೆ ಆಗಲೇ ಗೊತ್ತಾದದ್ದು. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ಮಾಹಿತಿ ಇಲ್ಲದೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಎಂ.ಎ. ಇಲ್ಲ. ಮಾರ್ಗದರ್ಶಕರು ವಿಷಯ ಬದಲಿಸಲು ಹೇಳಿದರು. ನಿಟ್ಟೆಯಲ್ಲಿ ಬೇಕಾದಷ್ಟು ಹಾಸ್ಟೆಲುಗಳಿವೆ, ಹುಡುಗರು ಸಲೀಸಾಗಿ ಮಾತಾಡುತ್ತಾರೆ ಎಂದರು. ಸರಿ, ಅಲ್ಲಿಗೂ ಹೋದೆವು. ನಿಮ್ಮ ಬದುಕಿನ ಮುಖ್ಯ ನಿರ್ಧಾರಗಳನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಸಿಕ್ಕಿದವರೆಲ್ಲ ಒಂದೇ ಧ್ವನಿಯಲ್ಲಿ ಮೆಸ್ಸಿನ ಭಟ್ರು ಎಂದರು. ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಸಾಂಬಾರಿನ ಸುತ್ತಲೇ ತಿರುಗಿತು.

ವಾಪಸು ಬರುವ ಬಸ್ಸಿನಲ್ಲಿ ಇದನ್ನೇ ಬರೆದುಕೊಟ್ಟುಬಿಡು, ಡಿಗ್ರಿಯಾದರೂ ಸಿಗುತ್ತದೆ ಎಂದೆ. ಅವಳು ಕಾಗದಗಳನ್ನು ತೊಡೆಯ ಮೇಲಿಟ್ಟು ಒಂದೊಂದಾಗಿ ತಿರುವಿದಳು.

"ಈ ಹುಡುಗರನ್ನು ಕೇಳ್ಲಿಕ್ಕೆ ತುಂಬ ಜನ ಇದ್ದಾರೆ ಮಾರಾಯ್ತಿ. ನಮ್ಮವರನ್ನು ಯಾರೂ ಎಂತ ಅಂತ ಕೇಳಿಯೇ ಇಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ. ಇನ್ನು ಓದ್ತಿಯಾ ಅಂತ ಆಗ ಒಬ್ಬರು ಕೇಳಿದ್ದರೆ ಸಾಕಿತ್ತು."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ನಿಟ್ಟೆಯ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಸಂಜೆ ರಟ್ಟು ಮನೆಯಲ್ಲಿ ಬಿಟ್ಟು, ಮನೆಯ ಸೀರೆಯಲ್ಲೇ ದಡಕ್ಕೆ ಹೋದಳು. ಗಂಡಸರು ಬಲೆ ಸರಿಮಾಡುತ್ತಿದ್ದರು, ಹೆಂಗಸರು ಮೀನು ಬೇರೆಮಾಡುತ್ತಿದ್ದರು. ಅವಳು ತಂಡೇಲರ ಮುಂದೆ ನಿಂತು ತಪ್ಪಾಯಿತು ಭಾವ ಎಂದಳು. ಅವರು ತಲೆ ಎತ್ತಲಿಲ್ಲ. ಸೂಜಿ ಬಲೆಯಲ್ಲಿ ಹೋಗುತ್ತ ಬರುತ್ತ ಇತ್ತು. ಕಡೆಗೆ, ನೀನು ಕೇಳಿಯಾಯಿತಲ್ಲ, ಈಗ ನಾವು ಕೇಳುತ್ತೇವೆ, ಕೂತುಕೋ ಎಂದರು.

ಅವಳು ಮರಳಿನಲ್ಲಿ ಕುಳಿತಳು. ಅಯ್ಯೋ, ಎಂಥ ಸಂದರ್ಶನ ಅದು! ಪ್ರಶ್ನಾವಳಿ ಇಲ್ಲ, ಕ್ರಮಸಂಖ್ಯೆ ಇಲ್ಲ, ಸುತ್ತ ನೆರೆದವರೆಲ್ಲ ಸಂಶೋಧಕರು. ಈ ವಯಸ್ಸಿನಲ್ಲಿ ಕಲಿತು ಯಾವ ಕೆಲಸ ಸಿಗುತ್ತದೆ, ಸರಕಾರದಿಂದ ಏನಾದರೂ ಬರುತ್ತದೆಯೇ, ಗಂಡ ಬೈಯುವುದಿಲ್ಲವೇ, ತರಗತಿಯಲ್ಲಿ ಮಕ್ಕಳು ನಗುವುದಿಲ್ಲವೇ. ಅವಳು ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೆಲಸ ಸಿಗುವುದಿಲ್ಲ. ಏನೂ ಬರುವುದಿಲ್ಲ. ಮಕ್ಕಳು ಮೊದಲು ನಕ್ಕರು, ಈಗ ಟಿಪ್ಪಣಿ ಕೇಳಿ ಬರುತ್ತಾರೆ. ಕೊನೆಗೆ ತಂಡೇಲರು ಸೂಜಿ ಕೆಳಗಿಟ್ಟರು.

"ನೀನು ಬರೆದದ್ದನ್ನು ಓದುವವರು ಯಾರು?"

"ಒಬ್ಬರು ನಮ್ಮ ಸರ್. ಮತ್ತೊಬ್ಬರು ಪರೀಕ್ಷೆಗೆ ಬರುವವರು" ಎಂದಳು. "ಮತ್ತೆ ಅದು ಕಪಾಟಿನಲ್ಲಿ ಇರ್ತದೆ. ಆದರೆ ಇರ್ತದೆ ಭಾವ. ಎರ್ಮಾಳ್ ಅಂತ ಬೆನ್ನಿನ ಮೇಲೆ ಬರೆದು."

ಯಾರೋ ನಕ್ಕರು. ತಂಡೇಲರ ಮೀಸೆಯೂ ಸ್ವಲ್ಪ ಅಲುಗಿದಂತೆ ಕಂಡಿತು. ಸರಿ, ಕಪಾಟಿಗೆ ಏನೇನು ಹೇಳಬೇಕು ಎಂದು ಕೇಳಿದರು.

ಆಮೇಲೆ ಆದದ್ದು ಪ್ರವಾಹ! ಯಾರೂ ಕೇಳದೆ ಇದ್ದವರನ್ನು ಒಮ್ಮೆ ಕೇಳಿದರೆ ಹೀಗೆಯೇ ಆಗುವುದು. ಯಾವ ಬಲೆ ಯಾವ ಗಾಳಿಗೆ ಎಂಬುದರಿಂದ ಹಿಡಿದು ಮಗಳಿಗೆ ಗಂಡು ನೋಡುವಾಗ ಕೊನೆಯ ಮಾತು ಯಾರದ್ದು ಎಂಬುದರವರೆಗೆ ಎಲ್ಲವೂ ಬಂತು. ಚಿಕ್ಕಮ್ಮ ನಡುಮನೆಯಲ್ಲಿ ಕುಳಿತು ಬರೆದಳು, ನಾನು ಪಕ್ಕದಲ್ಲಿ ಕುಳಿತು ಬರೆದೆ. ತಂಡೇಲರು ದಿನಾ ಸಂಜೆ ಸ್ನಾನ ಮಾಡಿ, ಅಂಗಿ ಹಾಕಿ ಬಂದು, ನಿನ್ನೆ ಹೇಳಿದ್ದಕ್ಕೆ ಒಂದು ತಿದ್ದುಪಡಿ ಉಂಟು ಎನ್ನುತ್ತಿದ್ದರು. ಗೇಟಿನ ಹೊರಗೆ ಪ್ರಾಥಮಿಕ ಆಕರಗಳೇ ಸಾಲುಗಟ್ಟಿ ನಿಂತವು.

ಜಗಳ ಹುಟ್ಟಿದ್ದು ಮಾತ್ರ ಹೆಸರುಗಳ ವಿಷಯದಲ್ಲಿ. ಮಾಹಿತಿ ಕೊಟ್ಟವರ ಹೆಸರನ್ನು ಪ್ರಬಂಧದಲ್ಲಿ ಬಹಿರಂಗಪಡಿಸಬಾರದು, ಗುಟ್ಟಾಗಿಡಬೇಕು ಎಂಬುದು ನಿಯಮ. ಇದು ತಿಳಿದಾಗ, ಅದುವರೆಗೆ ಸೊಸೆಯತ್ತ ನೋಡದೆ ನನಗೆ ಮಾತ್ರ ಹೇಳಿ ಬರೆಸುತ್ತಿದ್ದ ಅಜ್ಜಿ ಮೌನ ಮುರಿದರು.

"ಗುಟ್ಟಾಗಿ ಇಡ್ಲಿಕ್ಕೆ ನಾನು ಎಂತ ಕದ್ದಿದ್ದೇನಾ?"

ಚಿಕ್ಕಮ್ಮ ಎಷ್ಟು ವಿವರಿಸಿದರೂ ಅವರು ಒಪ್ಪಲಿಲ್ಲ. ಕಡೆಗೆ ಅವರನ್ನು 'ಮಾಹಿತಿದಾರರು ಒಂದು' ಎಂದು ಕರೆಯುವುದೆಂದು ರಾಜಿಯಾಯಿತು. ಮರುದಿನದಿಂದ ಅಜ್ಜಿ ಊರಿಡೀ ತಾನು ಒಂದನೇ ನಂಬರು ಎಂದು ಹೇಳಿಕೊಂಡು ತಿರುಗಿದರು. ಎರಡನೇ ನಂಬರಾದ ತಂಡೇಲರಿಗೆ ಇದರಿಂದ ಸ್ವಲ್ಪ ಬೇಸರವಾಯಿತು. ಹೀಗೆ ಇಡೀ ಎರ್ಮಾಳಿಗೆ ಗುಟ್ಟು ಬಯಲಾದ ಮೇಲೆ ಕಾಪುವಿನ ಕಂಪ್ಯೂಟರ್ ಸೆಂಟರಿನಲ್ಲಿ ಪ್ರಬಂಧ ಟೈಪಾಗಿ ಬಂತು. ಅದಿದ್ದ ಫ್ಲಾಪಿಯನ್ನು ತೇವ ತಾಗಬಾರದೆಂದು ಅಜ್ಜಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟರು.

ಉಳಿದದ್ದು ವೈವಾ. ಹೊರಗಿನಿಂದ ಪರೀಕ್ಷಕರು ಬಂದು ಎದುರು ಕೂರಿಸಿ ಪ್ರಶ್ನೆ ಕೇಳುವುದು. ಅದರಲ್ಲಿ ಅವಳು ಪಾಸಾದಳು, ಚೆನ್ನಾಗಿಯೇ ಪಾಸಾದಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರ್ಮಾಳಿನ ಮರಳಿನಲ್ಲಿ ಕೂತು ಉತ್ತರಿಸಿದವಳಿಗೆ ಫ್ಯಾನಿನ ಕೆಳಗೆ ಕೂತು ಉತ್ತರಿಸುವುದು ಯಾವ ಲೆಕ್ಕ? ನಾನು ಹೇಳಬೇಕಾದದ್ದು ಆ ದಿನದ ಬೆಳಗಿನ ಕಥೆ.

ಹಿಂದಿನ ದಿನ ನಾನು ಎರ್ಮಾಳಿನಲ್ಲೇ ಉಳಿದಿದ್ದೆ. ಬೆಳಗ್ಗೆ ಇಬ್ಬರೂ ಹೊರಟೆವು. ಚಿಕ್ಕಮ್ಮ ಪ್ರಬಂಧವನ್ನು ಮಗುವಿನಂತೆ ಎದೆಗೆ ಒತ್ತಿ ಹಿಡಿದಿದ್ದಳು. ಆ ಓಣಿಯ ಜನರ ವಿಷಯ ನಿಮಗೆ ಗೊತ್ತಲ್ಲ? ಬೆಕ್ಕು ರಸ್ತೆ ದಾಟಿದರೂ ಎಂತ ವಿಶೇಷ ಎಂದು ವಿಚಾರಿಸುವವರು. ಆ ದಿನ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಮನೆಯ ದ್ವಿತೀಯಕ ಹೆಂಗಸು ಕೂಡ ಗೇಟಿನಲ್ಲಿ ನಿಂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಒಬ್ಬರೂ ಮಾತಾಡಲಿಲ್ಲ. ಎದುರಿನಿಂದ ಬುಟ್ಟಿ ಹೊತ್ತು ಬಂದವರು ನಮ್ಮನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. 'ದೂರ ಹೊರಟದ್ದಾ' ಎಂದು ಕೂಡ ಯಾರೂ ಕೇಳಲಿಲ್ಲ. ಹೆದ್ದಾರಿ ತಲಪುವ ಹೊತ್ತಿಗೆ ನನಗೆ ಅರ್ಥವಾಯಿತು. ಅವರು ಅವಳನ್ನು ದೋಣಿ ಕಳಿಸುವ ಹಾಗೆ ಕಳಿಸುತ್ತಿದ್ದರು.

ಪಡುಬಿದ್ರಿ ಕಡೆಯಿಂದ ಬಸ್ಸು ಬಂತು. ಹತ್ತಿ ಕುಳಿತೆವು. ಕಂಡಕ್ಟರ್ ಟಿಕೆಟಿನ ಕಟ್ಟು ಹಿಡಿದು ನಮ್ಮತ್ತ ಬಂದ. ಇಡೀ ಊರು ಬಾಯಿ ಮುಚ್ಚಿಕೊಂಡರೆ ಏನು ಬಂತು? ಕಂಡಕ್ಟರಿಗೆ ಇರುವುದು ಒಂದೇ ಪ್ರಶ್ನೆ! ಚಿಕ್ಕಮ್ಮನೂ ಅದನ್ನು ನೆನೆದಳೆಂದು ಕಾಣುತ್ತದೆ, ಪ್ರಬಂಧವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನು ಬಂದ, ನಮ್ಮನ್ನು ನೋಡಿದ, ಏನೂ ಕೇಳದೆ ಹಿಂದಿನ ಸೀಟಿಗೆ ಹೋದ.

ಮುಂದಿನ ಸೀಟಿನಲ್ಲಿದ್ದವರು ತಿರುಗಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ದಪ್ಪ ಮೀಸೆ. ತಂಡೇಲರು! ಆ ದಿನ ದೋಣಿ ಇಳಿಸದೆ, ನಸುಕಿನಲ್ಲೇ ಪಡುಬಿದ್ರಿಗೆ ಹೋಗಿ, ಅದೇ ಬಸ್ಸು ಹತ್ತಿ, ಉಡುಪಿಗೆ ಎರಡು ಟಿಕೆಟು ಮೊದಲೇ ತೆಗೆದಿಟ್ಟಿದ್ದರು. ಅವನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಕೊಡುವಾಗಲೂ ಮಾತಾಡಲಿಲ್ಲ. ಯಾವ ಮಾತಿಗೂ ಎದುರು ಪ್ರಶ್ನೆ ಇಟ್ಟುಕೊಳ್ಳುವ ನನ್ನ ಚಿಕ್ಕಮ್ಮ, ಪಿಸುಗುಟ್ಟಿದರೆ ಮೇಲಿನ ಮಾಳಿಗೆಗೆ ಕೇಳಿಸುವ ನನ್ನ ಚಿಕ್ಕಮ್ಮ, ಟಿಕೆಟುಗಳನ್ನು ಹಿಡಿದುಕೊಂಡು ಸದ್ದಿಲ್ಲದೆ ಅತ್ತಳು.

ಕಾಪುವಿನಲ್ಲಿ ತಂಡೇಲರು ಇಳಿದರು. ಇಳಿದ ಮೇಲೆ ಕಿಟಕಿಯ ಹತ್ತಿರ ಬಂದು, ಬೇರೆ ಕಡೆ ನೋಡುತ್ತ, "ಸಂಜೆ ಬಸ್‌ಸ್ಟಾಪಿನಲ್ಲಿ ಅಮ್ಮ ಕಾಯ್ತಾರೆ. ಎಂತ ಸಿಕ್ಕಿತು ಅಂತ ಆಗ ಕೇಳ್ತಾರೆ" ಎಂದರು.